ಹೀಗೆ, ಹೀಗಲ್ಲ, ಹೀಗೆ: ವುಡನ್ ಮೇಷ್ಟ್ರಿಂದ ಕಲಿತದ್ದು

ಭಾನುವಾರದ ಕನ್ನಡ ಕ್ಲಾಸಿನಲ್ಲಿ ಪಾಠ ಮಾಡುವ ನಮ್ಮ ನಾಲ್ಕೈದು ಜನರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಅಕ್ಷರಕ್ಕೂ ಬ್ಯಾಸ್ಕೆಟ್‌ಬಾಲ್ ಕೋಚಿಗೂ ಏನು ಸಂಬಂಧ ಅಂತ ಈಗಲೇ ಕೇಳಬೇಡಿ. ಮುಂಬೈಯಲ್ಲಿ ಮುಲುಂಡಿನಿಂದ ಮಾಟುಂಗಕ್ಕೆ ಸ್ಲೋ ಲೋಕಲ್ ರೈಲಿನಲ್ಲಿ ಬರುತ್ತಾ ಮೂರು ವಾರ ಇವರ ಬಗ್ಗೆಯೇ ಓದಿದೆ. ಒಂದು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮೊನ್ನೆ ಬಿಡಿಸಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಯಾರು ಇವರು

ಜಾನ್ ವುಡನ್. 1910ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದರು. 2010ರಲ್ಲಿ, ನೂರು ತುಂಬಲು ನಾಲ್ಕು ತಿಂಗಳು ಚಿಲ್ಲರೆ ಇರುವಾಗ ತೀರಿಕೊಂಡರು. 1948ರಿಂದ 1975ರವರೆಗೆ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡದ ಕೋಚ್. 12 ವರ್ಷದಲ್ಲಿ 10 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್, ಅದರಲ್ಲಿ 7 ಸಲ ಸಾಲಾಗಿ. ಒಮ್ಮೆ ಸತತ 88 ಪಂದ್ಯ ಗೆದ್ದಿದ್ದರು.

ಎಲ್ಲರೂ ಹೇಳುವುದು ಇಷ್ಟೇ. ನನಗೆ ಹಿಡಿಸಿದ್ದು ಇನ್ನೊಂದು ಲೆಕ್ಕ. ಮೊದಲ ಚಾಂಪಿಯನ್‌ಶಿಪ್ ಬಂದದ್ದು 1964ರಲ್ಲಿ. ಅಂದರೆ ಅದಕ್ಕೂ ಮುಂಚಿನ 15 ಸೀಸನ್ ಕೈ ಖಾಲಿ. ನಾವೋ, ಮೂರು ಭಾನುವಾರಕ್ಕೇ ಈ ಮಕ್ಕಳಿಗೆ ಕನ್ನಡ ಬರಲ್ಲ ಅಂತ ಕೈ ಚೆಲ್ಲುತ್ತೇವೆ.

ಇನ್ನೊಂದು ವಿಷಯ ನಮಗೆ ಬೇಕಾದದ್ದು: ಕೋಚ್ ಆಗಿ ಹೆಸರು ಮಾಡುವ ಮೊದಲು ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು.

ಕಾಲುಚೀಲ

ಸೀಸನ್ನಿನ ಶುರುವಿನಲ್ಲಿ ಅವರು ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು. ತಮಾಷೆಯಲ್ಲ. ಬೆರಳ ಹತ್ತಿರ, ಹಿಮ್ಮಡಿಯ ಹತ್ತಿರ ಸುಕ್ಕು ಇರಬಾರದು. ಲೇಸು ಸಡಿಲ ಇರಬಾರದು. ಬಹಳ ಹುಡುಗರು ಒಂದು ಸೈಜು ದೊಡ್ಡ ಶೂ ಹಾಕುತ್ತಾರೆ, ಅದೂ ಕೂಡದು. ಸುಕ್ಕಿದ್ದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದರೆ ಪ್ರಾಕ್ಟೀಸ್ ತಪ್ಪುತ್ತದೆ. ಮುಂದೆ ಕರೀಂ ಅಬ್ದುಲ್ ಜಬ್ಬಾರ್, ಬಿಲ್ ವಾಲ್ಟನ್ ಅಂತ ಹೆಸರಾದ ಆಟಗಾರರೂ ಈ ಪಾಠ ಕೇಳಿದವರೇ.

ನಮ್ಮ ಕ್ಲಾಸಿನ ಕಾಲುಚೀಲ ಯಾವುದು? ನನ್ನ ಪ್ರಕಾರ ಎ-ಏ, ಒ-ಓ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಕಿವಿಯಲ್ಲಿ ಇಡೀ ದಿನ ಹಿಂದಿ, ಮರಾಠಿ. ಆ ಎರಡರಲ್ಲೂ ನಮ್ಮ ಹಾಗೆ ಗಿಡ್ಡ ಎ, ಗಿಡ್ಡ ಒ ಬೇರೆ ಅಕ್ಷರವಾಗಿ ಇಲ್ಲ. ಅದಕ್ಕೇ "ನೀರು ಕೋಡು" ಅನ್ನುತ್ತಾರೆ. ಎಮ್ಮೆ ತಲೆಯ ಮೇಲಿರುವುದು ಕೋಡು. ನಾವು ಈ ಸುಕ್ಕು ತೆಗೆಯದೆ ಎರಡನೇ ವಾರಕ್ಕೇ ಒತ್ತಕ್ಷರಕ್ಕೆ ಓಡಿದೆವು, ಅಲ್ವಾ?

ನಾನು ಎಡವಿದ ಲೆಕ್ಕ

ಇದನ್ನು ನಿಧಾನವಾಗಿ ಓದಿ. ವುಡನ್ ಅವರ ಕೊನೆಯ ಸೀಸನ್ 1974-75. ಆಗ ರೋಲಂಡ್ ಥಾರ್ಪ್, ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಪ್ರಾಕ್ಟೀಸಿಗೆ ಹೋಗಿ ಕೂತರು. ವುಡನ್ ಕಲಿಸುವಾಗ ಆಡಿದ ಮಾತು, ಮಾಡಿದ ಸನ್ನೆ ಒಂದೊಂದನ್ನೂ ಗುರುತು ಹಾಕಿಕೊಂಡರು. ಒಟ್ಟು 2,326. ಹೊಗಳಿಕೆ 6.9%. ಬೈಗುಳ 6.6%. ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನುವ ಬರೀ ಮಾಹಿತಿ ಸುಮಾರು 75%.

ಇಲ್ಲಿಯವರೆಗೆ ಸರಿ. ಆಮೇಲೆ ಇನ್ನೊಂದು ಸಂಖ್ಯೆ ಬಂತು: 8%. ಬೈದು, ಅದೇ ಉಸಿರಿನಲ್ಲಿ ಸರಿ ಮಾಡುವ ರೀತಿಯನ್ನೂ ಹೇಳುವ ಮಾತು. ನಾನು ಇದನ್ನು ಬೈಗುಳಕ್ಕೆ ಸೇರಿಸಿಬಿಟ್ಟೆ. 6.6 ಮತ್ತು 8, ಒಟ್ಟು 14.6. ಹಾಗಾದರೆ ಹೊಗಳಿದ್ದರ ಎರಡರಷ್ಟು ಬೈಯುತ್ತಿದ್ದರಾ? ಇಷ್ಟು ಬೈದವರನ್ನು ಶಿಷ್ಯರು ಮುದುಕರಾದ ಮೇಲೂ ಯಾಕೆ ನೆನೆಯುತ್ತಾರೆ? ಭಾಂಡುಪ್‌ನಿಂದ ಕುರ್ಲಾದವರೆಗೆ ಇದೇ ಯೋಚನೆ.

ತಪ್ಪಿದ್ದು ಎಲ್ಲಿ ಅಂದರೆ, ಆ 8% ಬೈಗುಳದ ಖಾತೆಯಲ್ಲಿಲ್ಲ. ಮಾಹಿತಿಯ 75ರ ಒಳಗೇ ಇದೆ. ಯಾಕೆ? ಕೇಳಿದವನ ಕೈಗೆ ಮಾಡುವುದಕ್ಕೊಂದು ಕೆಲಸ ಸಿಕ್ಕಿತು, ಅದಕ್ಕೆ. "ಎಷ್ಟು ಸಲ ಹೇಳೋದು ನಿಂಗೆ!" ಇಲ್ಲಿಗೇ ನಿಂತರೆ ಬೈಗುಳ. "ಎಷ್ಟು ಸಲ ಹೇಳೋದು, ಬಾಯಿ ಬೇಗ ಮುಚ್ಚು, ಒ ಗಿಡ್ಡ" ಅಂದರೆ ಮಾಹಿತಿ. ದನಿ ಎರಡರಲ್ಲೂ ಒಂದೇ ಇರಬಹುದು. ಹಾಗೆ ನೋಡಿದರೆ "ವೆರಿ ಗುಡ್" ಕೂಡ ಖಾಲಿ ಡಬ್ಬಿಯೇ. ಯಾವುದು ಗುಡ್ ಅಂತ ಮಗುವಿಗೆ ಗೊತ್ತಾಗುವುದಿಲ್ಲ.

ನಂಬಿಕೆ ಬರದೆ ನನ್ನ ಕ್ಲಾಸನ್ನೇ ಎಣಿಸಿದೆ. ಫೋನಿನಲ್ಲಿ 40 ನಿಮಿಷ ರೆಕಾರ್ಡ್ ಮಾಡಿ, ಮನೆಗೆ ಬಂದು ಗೀಟು ಹಾಕಿದೆ. ವೆರಿ ಗುಡ್, ಶಾಬ್ಬಾಸ್: 31. ಅಯ್ಯೋ ಹಾಗಲ್ಲಪ್ಪಾ: 22. ಮಾಹಿತಿ: 9. ಆ ಒಂಬತ್ತರಲ್ಲಿ ಎರಡು "ಫ್ಯಾನ್ ಹಾಕು". ಕೇಳಿ ನಾಚಿಕೆಯಾಯಿತು.

ಮೂರು ಸೆಕೆಂಡಿನ ಪಾಠ

ಅದೇ ಇಬ್ಬರು ಗಮನಿಸಿದ ಇನ್ನೊಂದು ಪಟ್ಟು ಇದೆ. ಯಾರಾದರೂ ತಪ್ಪು ಮಾಡಿದರೆ ವುಡನ್ ಆಟ ನಿಲ್ಲಿಸಿ ಸರಿಯಾದದ್ದನ್ನು ಮಾಡಿ ತೋರಿಸುತ್ತಿದ್ದರು. ಆಮೇಲೆ ಆ ಹುಡುಗ ಮಾಡಿದ ತಪ್ಪನ್ನು. ಆಮೇಲೆ ಮತ್ತೆ ಸರಿಯಾದದ್ದನ್ನು. ಮೂರು ಸೆಕೆಂಡ್ ದಾಟಿದ್ದು ಅಪರೂಪ. ಭಾಷಣ ಇಲ್ಲ.

ನಾನು ಹೇಳುತ್ತಿದ್ದದ್ದು: "ಕೊಡು ಅನ್ನಬೇಕು, ಕೋಡು ಅನ್ನಬಾರದು." ಕೊನೆಗೆ ಮಗುವಿನ ಕಿವಿಯಲ್ಲಿ ಉಳಿದದ್ದು ಯಾವುದು? ಕೋಡು! ವರ್ಷವಿಡೀ ನಾನೇ ತಪ್ಪನ್ನು ಗಟ್ಟಿ ಮಾಡಿಸುತ್ತಿದ್ದೆ. ಅದೂ ಸಾಲದು ಅಂತ ಒಮ್ಮೆ ಹಸಿರು ಬ್ಯಾಗಿನ ಹುಡುಗನಿಗೆ "ಕೋಓಓಡು ಅಂತೀಯಲ್ಲೋ" ಅಂತ ಎಳೆದು ಅಣಕಿಸಿದೆ. ಎಲ್ಲರೂ ನಕ್ಕರು. ಅವನು ಎರಡು ವಾರ ಬಾಯಿ ಬಿಡಲಿಲ್ಲ.

ಮೊನ್ನೆ ಅವನ ಮುಂದೆ ಮುಖ ಸಪ್ಪೆಯಾಗಿಟ್ಟುಕೊಂಡು ಹೇಳಿದೆ: ಕೊಡು. ಕೋಡು. ಕೊಡು. ನಡುವಿನದಕ್ಕೆ ಬೆರಳಿನಿಂದ ತಲೆಯ ಮೇಲೆ ಕೊಂಬು ಮಾಡಿದೆ, ಅಷ್ಟೇ. ಅವನು ನನ್ನ ಬಾಯಿಯನ್ನೇ ನೋಡಿದ. "ಟೀಚರ್, ಛೋಟಾವಾಲಾ ದೇ, ಬಡಾವಾಲಾ ಕೊಂಬು?" ಅಂದ. (ಹಿಂದಿಯಲ್ಲಿ ದೇ ಅಂದರೆ ಕೊಡು.) ಹೌದು ಮಾರಾಯ ಅಂದೆ.

ಉಳಿದದ್ದು, ಬೇಗ ಬೇಗ

ಯಶಸ್ಸಿನ ಪಿರಮಿಡ್, ಅಂದರೆ ಯಶಸ್ಸಿಗೆ ಬೇಕಾದ ಗುಣಗಳನ್ನು ಕಲ್ಲಿನ ಹಾಗೆ ಪೇರಿಸಿದ ವುಡನ್ ಅವರ ಚಿತ್ರ: 15 ಕಲ್ಲು, ಕೆಳಗಿನಿಂದ 5, 4, 3, 2, 1. ಬುಡದ ಎರಡು ಮೂಲೆಗೆ ದುಡಿಮೆ ಮತ್ತು ಉತ್ಸಾಹ. ಗೋಡೆಗೆ ಅಂಟಿಸುವವರಿಗೆ ಚೆನ್ನಾಗಿದೆ, ನನಗೆ ಜಾಸ್ತಿ ಹತ್ತಲಿಲ್ಲ. ಅದು ಹುಟ್ಟಿದ ಕಾರಣ ಮಾತ್ರ ಇಷ್ಟವಾಯಿತು. ಇಂಗ್ಲಿಷ್ ಕ್ಲಾಸಿನಲ್ಲಿ ಮಗುವಿಗೆ ಎ ಗ್ರೇಡ್ ಸಿಗದಿದ್ದರೆ ಅಪ್ಪ ಅಮ್ಮಂದಿರು ಮೇಷ್ಟ್ರ ಮೇಲೋ ಮಗುವಿನ ಮೇಲೋ ಹರಿಹಾಯುತ್ತಿದ್ದರು. ಅದಕ್ಕೆ 1934ರಲ್ಲಿ ಅವರು ತಮ್ಮದೇ ಅರ್ಥ ಬರೆದುಕೊಂಡರು: ನನ್ನಿಂದ ಆಗುವಷ್ಟೂ ಪ್ರಯತ್ನ ಪಟ್ಟೆ ಅಂತ ಗೊತ್ತಿರುವ ನೆಮ್ಮದಿಯೇ ಯಶಸ್ಸು. ನಮ್ಮ ಕ್ಲಾಸಿನ ಬಾಗಿಲಲ್ಲೂ "ಫಸ್ಟ್ ಯಾರು?" ಅಂತ ಕೇಳುವವರು ಇದ್ದಾರಲ್ಲ.

ನಾಯಕತ್ವ ಅಂದರೆ ಈ ಒಂದು ಘಟನೆ ಸಾಕು. 1947ರಲ್ಲಿ ಅವರು ಇಂಡಿಯಾನಾ ಸ್ಟೇಟ್ ಕಾಲೇಜಿನ ಕೋಚ್. ತಂಡಕ್ಕೆ ರಾಷ್ಟ್ರೀಯ ಟೂರ್ನಿಯ ಕರೆ ಬಂತು. ಆದರೆ ಕಪ್ಪು ಆಟಗಾರರಿಗೆ ಅಲ್ಲಿ ಅವಕಾಶ ಇರಲಿಲ್ಲ. ತಂಡದಲ್ಲಿದ್ದ ಕ್ಲಾರೆನ್ಸ್ ವಾಕರ್ ಆಡುವಂತಿಲ್ಲ. ವುಡನ್ ಬರಲ್ಲ ಅಂದುಬಿಟ್ಟರು. ಮರುವರ್ಷ ನಿಯಮ ಬದಲಾಯಿತು. ವಾಕರ್ ಜೊತೆ ಹೋದರು, ಫೈನಲ್‌ನಲ್ಲಿ ಸೋತರು.

ಮುಂದಿನ ಭಾನುವಾರದ ಕಾರ್ಡು

ಅವರು ಪ್ರತಿ ಪ್ರಾಕ್ಟೀಸನ್ನೂ ನಿಮಿಷ ನಿಮಿಷ ಲೆಕ್ಕ ಹಾಕಿ ಪುಟ್ಟ ಕಾರ್ಡಿನಲ್ಲಿ ಬರೆದುಕೊಂಡು ಬರುತ್ತಿದ್ದರು. ನಾನೂ ಬರೆದೆ, ಬೇಕಿದ್ದರೆ ಕಾಪಿ ಮಾಡಿ:

10.00: ಬೆಳೆ, ಬೇಳೆ. ಹೊಲದ ಚಿತ್ರ, ಒಂದು ಮುಷ್ಟಿ ತೊಗರಿಬೇಳೆ.
10.05: ಒಬ್ಬೊಬ್ಬರಾಗಿ. ತಪ್ಪಿದರೆ ಸರಿ-ತಪ್ಪು-ಸರಿ, ಮುಂದಿನವರು.
10.20: ಒಡೆ, ಓಡು. ಓಡಿಸಿಯೇ ಹೇಳಿಸುವುದು, ಕಾರಿಡಾರಿನಲ್ಲಿ.
10.30: ಒತ್ತಕ್ಷರ ಇಲ್ಲ.

ಹಸಿರು ಬ್ಯಾಗಿನವನನ್ನು ಮೊದಲೇ ಕೇಳುವುದಿಲ್ಲ. ಮೂರನೆಯವನು.