ಅಬ್ಸೊಲೀಟ್ ಕಾನ್ಫ್‌ಫೈಲ್ ಅಂದರೇನು?

ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಈ ಪದವನ್ನು ಆಗಾಗ ಕೇಳಿರುತ್ತಾರೆ. ಪ್ಯಾಕೇಜಿನ, ಅಂದರೆ ಕಟ್ಟಿಕೊಟ್ಟ ಪ್ರೋಗ್ರಾಮಿನ, ಹಳೇ ಆವೃತ್ತಿಯಲ್ಲಿ ಬಂದ ಕಾನ್ಫಿಗರೇಶನ್ ಫೈಲು ಹೊಸ ಆವೃತ್ತಿಯಲ್ಲಿ ಇಲ್ಲ. ಆದರೂ ಡಿಸ್ಕಿನಲ್ಲಿ ಉಳಿದುಕೊಂಡಿದೆ. ಅಂಥದ್ದೇ ಅಬ್ಸೊಲೀಟ್ (ಬಳಕೆ ತಪ್ಪಿದ) ಕಾನ್ಫ್‌ಫೈಲ್.

ಹೊಸ ಆವೃತ್ತಿಯಲ್ಲಿಲ್ಲದ ಉಳಿದ ಫೈಲುಗಳನ್ನು, ಪ್ಯಾಕೇಜು ಹಾಕಿ ತೆಗೆಯುವ ಪ್ರೋಗ್ರಾಮಾದ ಡಿಪಿಕೆಜಿ ತಾನೇ ಅಳಿಸುತ್ತದೆ. ಸೆಟ್ಟಿಂಗ್ ಫೈಲುಗಳಿರುವ ಎಟ್ಸಿ ಫೋಲ್ಡರಿನವು ಹಾಗಲ್ಲ. ಅವನ್ನು ನಾವು ತಿದ್ದಿರುತ್ತೇವೆ ಅಲ್ವಾ? ಆ ತಿದ್ದುಪಡಿ ಕಂಪ್ಯೂಟರಿನ ಒಡೆಯರದ್ದು, ಕೇಳದೆ ಅಳಿಸಬಾರದು. ಅದಕ್ಕೇ ಪ್ಯಾಕೇಜನ್ನು ರಿಮೂವ್ ಮಾಡಿದರೂ ಕಾನ್ಫ್‌ಫೈಲುಗಳು ಉಳಿಯುತ್ತವೆ, ಪರ್ಜ್ ಮಾಡಿದರೆ ಮಾತ್ರ ಹೋಗುತ್ತವೆ. ಅಪ್‌ಗ್ರೇಡಿನಲ್ಲಿ ಒಂದು ಕಾನ್ಫ್‌ಫೈಲನ್ನೇ ಕೈಬಿಟ್ಟರೆ, ಡಿಪಿಕೆಜಿ ತನ್ನ ಸ್ಟೇಟಸ್ ಫೈಲಿನಲ್ಲಿ ‘ಅಬ್ಸೊಲೀಟ್’ ಎಂದು ಗುರುತು ಹಾಕಿ ಸುಮ್ಮನಾಗುತ್ತದೆ. ನಾವು ತಿದ್ದಿಲ್ಲದ ಫೈಲಾದರೂ ಅಷ್ಟೇ.

ಬಿದ್ದಿದ್ದರೆ ಏನು ತೊಂದರೆ ಅನ್ನಿಸಬಹುದು. ಕೆಲವು ಫೋಲ್ಡರುಗಳಲ್ಲಿ ತೊಂದರೆ ಜಾಸ್ತಿ. ಲಾಗ್ (ಕೆಲಸದ ದಾಖಲೆ) ಫೈಲುಗಳನ್ನು ಸರದಿಯಂತೆ ಬದಲಿಸುವ ಲಾಗ್‌ರೊಟೇಟ್ ತನ್ನ ಫೋಲ್ಡರಿನಲ್ಲಿ ಸಿಕ್ಕ ಬಹುತೇಕ ಎಲ್ಲ ಫೈಲುಗಳನ್ನೂ ಓದುತ್ತದೆ, ಪ್ಯಾಕೇಜು ಅದನ್ನು ಕೈಬಿಟ್ಟಿದೆಯೇ ಎಂದು ನೋಡುವುದಿಲ್ಲ. ಪ್ಯಾಕೇಜಿನವರು ಅಲ್ಲಿನ ಫೈಲಿನ ಹೆಸರು ಬದಲಿಸಿ, ಹಳೆಯದನ್ನು ತೆಗೆಯದೆ ಬಿಟ್ಟರು ಎನ್ನಿ. ಒಂದೇ ಲಾಗಿಗೆ ಎರಡು ನಿಯಮಗಳು ಸಿಕ್ಕಿ, ಡೂಪ್ಲಿಕೇಟ್ ಎಂಟ್ರಿ ಎಂಬ ಎರರ್ ಬರುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್ ಕೂಡ ಹೀಗೇ ಓದುತ್ತದೆ. ಪ್ರೋಗ್ರಾಮ್ ಇದೆಯೇ ಎಂದು ಪರೀಕ್ಷಿಸುವ ತುಣುಕು ಪ್ಯಾಕೇಜುಗಳ ಕ್ರಾನ್ ಸಾಲಿನ ಮೊದಲಲ್ಲೇ ಇರುವುದು, ಪ್ಯಾಕೇಜು ತೆಗೆದರೂ ಫೈಲು ಉಳಿಯುವ ಇದೇ ಕಾರಣಕ್ಕೆ.

ಇದನ್ನು ಸರಿಪಡಿಸುವ ಹೊಣೆ ಮೊದಲು ಪ್ಯಾಕೇಜ್ ಮಾಡುವವರದ್ದೇ. ತಿದ್ದದ ಹಳೇ ಕಾನ್ಫಿಗರೇಶನ್ ಫೈಲನ್ನು ಅಪ್‌ಗ್ರೇಡಿನಲ್ಲೇ ತೆಗೆಯಬೇಕೆಂದು ಡೆಬಿಯನ್ ಪಾಲಿಸಿಯೇ ಹೇಳುತ್ತದೆ. ಅದಕ್ಕೆ ಡಿಪಿಕೆಜಿ-ಮೇಂಟ್‌ಸ್ಕ್ರಿಪ್ಟ್-ಹೆಲ್ಪರ್ ಎಂಬ ಸಾಧನವಿದೆ. ಫೈಲಿನ ಎಂಡಿ5 ಸಂಖ್ಯೆ (ಒಳಗಿನ ಬರಹದಿಂದ ಲೆಕ್ಕಹಾಕಿದ ಗುರುತು) ಮೊದಲಿನಂತೆಯೇ ಇದ್ದರೆ ಅಳಿಸುತ್ತದೆ. ಬದಲಾಗಿದ್ದರೆ ಹೆಸರಿನ ಕೊನೆಗೆ ‘ಡಿಪಿಕೆಜಿ-ಬ್ಯಾಕ್’ ಸೇರಿಸಿ ಇಡುತ್ತದೆ. ನಮ್ಮ ತಿದ್ದುಪಡಿ ಕಳೆಯುವುದಿಲ್ಲ, ಹಳೇ ಸೆಟ್ಟಿಂಗ್ ಕೆಲಸವನ್ನೂ ಮಾಡುವುದಿಲ್ಲ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಡಿಪಿಕೆಜಿಯ ಜಾಗದಲ್ಲಿರುವ ಆರ್‌ಪಿಎಮ್‌ನಲ್ಲಿ ಹೀಗೆ ಉಳಿದ ಫೈಲಿಗೆ ‘ಆರ್‌ಪಿಎಮ್‌ಸೇವ್’ ಎಂಬ ಬಾಲ ಬರುತ್ತದೆ.

ನಿಮ್ಮ ಸಿಸ್ಟಮಿನಲ್ಲಿ ಇಂಥವು ಎಷ್ಟಿವೆ ಎಂದು ನೋಡಬೇಕಾದರೆ ಡಿಪಿಕೆಜಿ-ಕ್ವೆರಿಯಿಂದ ಕಾನ್ಫ್‌ಫೈಲುಗಳ ಪಟ್ಟಿ ತೆಗೆಸಿ, ಅದರಲ್ಲಿ ಅಬ್ಸೊಲೀಟ್ ಪದವನ್ನು ಗ್ರೆಪ್ ಮಾಡಿ (ಹುಡುಕಿ). ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಅಳಿಸಬೇಡಿ. ಕೆಲವೊಮ್ಮೆ ಫೈಲು ಇನ್ನೊಂದು ಪ್ಯಾಕೇಜಿನ ಪಾಲಾಗಿರುತ್ತದೆ, ಹಳೇ ಪ್ಯಾಕೇಜಿನ ಲೆಕ್ಕದಲ್ಲಿ ಮಾತ್ರ ಆ ಗುರುತು ಉಳಿದಿರುತ್ತದೆ.