ವ್ಯಾಲಿಡೇಶನ್ ಅಂದರೆ ಹೂಂಗುಟ್ಟುವುದಲ್ಲ

ಈಚೆಗೆ ಕಾಸರಗೋಡಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈ ಪದದ ಓಡಾಟ ಜಾಸ್ತಿ. ಗೆಳತಿ ನಮ್ಮ ಪರ ನಿಂತರೆ "ವ್ಯಾಲಿಡೇಟ್ ಮಾಡಿದಳು". ಕೌನ್ಸೆಲರ್ ತಿರುಗಿ ಒಂದು ಪ್ರಶ್ನೆ ಕೇಳಿದರೆ "ವ್ಯಾಲಿಡೇಟ್ ಮಾಡಲಿಲ್ಲ, ಇನ್ನು ಅಲ್ಲಿಗೆ ಹೋಗುವುದಿಲ್ಲ". ಇಷ್ಟಕ್ಕೇ ಚಿಕಿತ್ಸೆ ಬಿಡುವವರನ್ನು ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ನಿಮಗೆ ಹೀಗೆ ಅನ್ನಿಸುವುದಕ್ಕೆ ಕಾರಣ ಇದೆ, ಅದು ನನಗೆ ಅರ್ಥವಾಗುತ್ತದೆ ಎಂದು ಎದುರಿನವರು ತೋರಿಸಿಕೊಡುವುದು ವ್ಯಾಲಿಡೇಶನ್. ಅನ್ನಿಸಿದ್ದಕ್ಕೆ ಮಾತ್ರ ಅದು ಸಲ್ಲುತ್ತದೆ. ಅದರಿಂದ ನೀವು ಕಟ್ಟಿಕೊಂಡ ತೀರ್ಮಾನ ಬೇರೆ ವಿಷಯ.

ಪಿಎಸ್‌ಸಿ ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಾರದ ಬದಿಯಡ್ಕ ಕಡೆಯ ಹುಡುಗನೊಬ್ಬ ಕೌನ್ಸೆಲರ್ ಎದುರು ಕೂತು "ನಾನು ಮನೆಗೆ ಭಾರ" ಅನ್ನುತ್ತಾನೆ ಅಂತಿಟ್ಟುಕೊಳ್ಳಿ. "ಛೆ, ಹಾಗೆಲ್ಲ ಹೇಳಬಾರದು" ಅಂದರೆ ಅವನು ತಲೆಯಾಡಿಸಿ ಸುಮ್ಮನಾಗುತ್ತಾನೆ, ಆ ಮಾತು ಇನ್ನೊಮ್ಮೆ ಬಾಯಿಗೆ ಬರುವುದಿಲ್ಲ. "ಹೌದು, ಪರಿಸ್ಥಿತಿ ಹಾಗೇ ಇದೆ" ಅಂದರೆ ಅದು ಬರೀ ಒಪ್ಪಿಗೆ, ಅವನು ಇನ್ನಷ್ಟು ಕುಸಿಯುತ್ತಾನೆ. ಈಗ ಇದನ್ನು ನೋಡಿ: "ಅಪ್ಪ ಒಬ್ಬರೇ ಅಡಿಕೆ ತೋಟದಲ್ಲಿ ದುಡಿಯುವುದು ದಿನಾ ಕಣ್ಣಿಗೆ ಬೀಳುವಾಗ ಹಾಗನ್ನಿಸದೆ ಇರುತ್ತದಾ? ಆದರೆ ಭಾರ ಅನ್ನುವುದು ಅಪ್ಪ ಹೇಳಿದ್ದೋ, ನೀವೇ ಲೆಕ್ಕ ಹಾಕಿದ್ದೋ?" ಮೊದಲ ವಾಕ್ಯ ಅವನ ಸಂಕಟವನ್ನು ಒಪ್ಪಿಕೊಂಡಿತು, ಎರಡನೆಯದು ಅವನ ಲೆಕ್ಕವನ್ನು ಪ್ರಶ್ನಿಸಿತು. ಎರಡೂ ಚಿಕಿತ್ಸೆಯೇ. ಆ ಎರಡನೇ ವಾಕ್ಯಕ್ಕೇ ಅಲ್ವಾ ನಮ್ಮವರು ಸಿಟ್ಟಾಗುವುದು!

ಈ ಪದಕ್ಕೆ ಚಿಕಿತ್ಸೆಯಲ್ಲಿ ಗಟ್ಟಿ ಜಾಗ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್. ಆತ್ಮಹತ್ಯೆಯ ಯೋಚನೆಯಲ್ಲಿ ಮುಳುಗಿದ್ದ ಹೆಣ್ಣುಮಕ್ಕಳ ಜೊತೆ ಅವರು ಕೆಲಸ ಮಾಡುತ್ತಿದ್ದರು. ಬರೀ "ಬದಲಾಗಿ" ಅಂದರೆ ತಮ್ಮ ನೋವು ಇವರಿಗೆ ತಿಳಿಯುವುದಿಲ್ಲ ಎಂದು ಆ ಹೆಣ್ಣುಮಕ್ಕಳಿಗೆ ಅನ್ನಿಸುತ್ತಿತ್ತು. ಬರೀ ಒಪ್ಪಿಕೊಳ್ಳುತ್ತಾ ಹೋದರೆ ನೋವು ಇದ್ದಲ್ಲೇ ಇರುತ್ತಿತ್ತು. ಎರಡನ್ನೂ ಸೇರಿಸಿ ಲಿನೆಹಾನ್ ಕಟ್ಟಿದ್ದೇ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸಾ ಪದ್ಧತಿ. ಅದರ ಮುಖ್ಯ ಪುಸ್ತಕ 1993ರಲ್ಲಿ ಬಂತು.

ಎದುರಿನವರು ಕೊಡುವ ಉತ್ತರದ ಪರಿಣಾಮ ಮೈಯಲ್ಲೂ ಕಾಣುತ್ತದೆ. 2011ರಲ್ಲಿ ಶೆಂಕ್ ಮತ್ತು ಫ್ರುಝೆಟ್ಟಿ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒತ್ತಡ ತರುವ ಲೆಕ್ಕ ಕೊಟ್ಟು, ಹೇಗನ್ನಿಸುತ್ತಿದೆ ಎಂದು ಕೇಳಿದರು. ಹಾಗನ್ನಿಸುವುದು ಸಹಜ ಎಂಬ ಉತ್ತರ ಸಿಕ್ಕಿದವರಿಗೆ ಹೋಲಿಸಿದರೆ, ಅಂಥಾದ್ದೇನಿದೆ ಎಂಬ ಧಾಟಿಯ ಉತ್ತರ ಸಿಕ್ಕಿದವರಲ್ಲಿ ಎದೆಬಡಿತವೂ ಕಿರಿಕಿರಿಯೂ ಹೆಚ್ಚಿತ್ತು. ಕನ್ನಡದಲ್ಲಿ "ಮಂಡೆಬಿಸಿ ಮಾಡ್ಬೇಡ", ಮಲಯಾಳದಲ್ಲಿ "ಸಾರಮಿಲ್ಲ" ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ನೋವು ತೋಡಿಕೊಳ್ಳಲು ಬಂದವರಿಗೆ ಅದು ಬಾಗಿಲು ಹಾಕಿದಂತೆ ಕೇಳಿಸುತ್ತದೆ.

ಕಾಸರಗೋಡಿನಂಥ ಗಡಿಯಲ್ಲಿ ಇನ್ನೊಂದು ತೊಡಕಿದೆ. ಮನೆಮಾತು ತುಳುವೋ ಕನ್ನಡವೋ, ಕೌನ್ಸೆಲರ್ ಮಾತಾಡುವುದು ಮಲಯಾಳ. ನಮ್ಮ "ಬೇಜಾರು" ಒಳಗೆ ದುಃಖ, ಮುನಿಸು, ಸಾಕಾಗಿಹೋದದ್ದು ಎಲ್ಲ ಇರುತ್ತದೆ. ಅವರು ದುಃಖ ಎಂದು ಹಿಡಿದು ಅದನ್ನೇ ತಿರುಗಿ ಹೇಳಿದರೆ, ಸಾಕಾಗಿ ಹೋಗಿ ಬಂದವನಿಗೆ ಅದು ತಾಕುವುದೇ ಇಲ್ಲ. ಆಗ ಎದ್ದು ಬರಬೇಡಿ. "ನಾನು ಹೇಳಿದ್ದು ಅದಲ್ಲ" ಅನ್ನಿ. ಒಳ್ಳೆಯ ಕೌನ್ಸೆಲರ್ ಅದಕ್ಕೆ ಬೇಸರಿಸುವುದಿಲ್ಲ. ತಪ್ಪಿದ್ದನ್ನು ಇಬ್ಬರೂ ಸೇರಿ ಸರಿಪಡಿಸಿಕೊಳ್ಳುವುದೂ ಅವರ ಕೆಲಸದಲ್ಲೇ ಬರುತ್ತದೆ.