ಮುರಕಲ್ಲಿನ ನಾಡಿನಲ್ಲಿ ಮೂಳೆ ಉಳಿಯುವುದಿಲ್ಲ

ಕಾಸರಗೋಡಿನ ಕಡೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಕೋರೆ ತೋಡುವಾಗ ಕೆಲವೊಮ್ಮೆ ಕಲ್ಲಿನೊಳಗೆ ಟೊಳ್ಳು ಸಿಗುತ್ತದೆ. ಚೌಕದ ಸಣ್ಣ ಬಾಗಿಲು. ಬಗ್ಗಿ ಒಳಗೆ ಹೋದರೆ ಗುಂಡನೆಯ ಕೋಣೆ, ಗುಮ್ಮಟದಂಥ ಮೇಲ್ಭಾಗ. ನೆಲದ ಮೇಲೆ ನಾಲ್ಕು ಕಾಲಿನ ಮಡಕೆ, ತುಕ್ಕು ಹಿಡಿದ ಕಬ್ಬಿಣದ ತುಂಡು. ನೀಲೇಶ್ವರ ಕಡೆಯ ಉಮಿಚಿಪೊಯಿಲ್‌ನಲ್ಲಿ ಇಂಥ ಗುಹೆಗಳು ಸಿಕ್ಕಿವೆ. ಇವು ಬೃಹತ್ ಶಿಲಾಯುಗದ ಸಮಾಧಿಗಳು. ಹೆಸರು ಶಿಲಾಯುಗವಾದರೂ ಇದು ಕಬ್ಬಿಣ ಬಳಸುತ್ತಿದ್ದ ಕಾಲ. ಆದರೆ ಸಮಾಧಿ ಮಾಡಿದ ಮನುಷ್ಯನ ಮೂಳೆ ಮಾತ್ರ ಹೆಚ್ಚಿನ ಕಡೆ ಕೈಗೆ ಸಿಗುವುದಿಲ್ಲ.

ಅದನ್ನು ಮಣ್ಣೇ ತಿಂದುಬಿಟ್ಟಿದೆ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಆಮ್ಲದ ಅಂಶ ಜಾಸ್ತಿ. ಅದರ ಮೇಲೆ ವರ್ಷವರ್ಷವೂ ಜಡಿಮಳೆ. ಮೂಳೆಯ ಸುಣ್ಣದ ಅಂಶ ಮೆಲ್ಲಗೆ ಕರಗಿ ನೀರಿನ ಜೊತೆ ಹೋಗುತ್ತದೆ. ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗದಲ್ಲಿ ಒಬ್ಬರು ಮೂಳೆ, ಒಬ್ಬರು ಬೀಜ, ಒಬ್ಬರು ಮಣ್ಣು, ಒಬ್ಬರು ಶಾಸನ ಅಂತ ಯಾಕೆ ಹಂಚಿಕೊಂಡು ಕೂತಿರುತ್ತಾರೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಮೂಳೆಯ ಕಥೆಯನ್ನೇ. ಯಾವ ಊರಿನ ಮಣ್ಣು ಏನನ್ನು ಉಳಿಸಿದೆಯೋ, ಅಲ್ಲಿ ಅದನ್ನು ಓದಬಲ್ಲವರು ಬೇಕು.

ಶುರುವಿನಲ್ಲಿ ಇಷ್ಟೆಲ್ಲ ವಿಂಗಡಣೆ ಇರಲಿಲ್ಲ. ಪುರಾತತ್ತ್ವ ಅಂದರೆ ಶಾಸನ, ನಾಣ್ಯ, ದೇವಸ್ಥಾನ. ಶಾಸನದ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಗುಳಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳು ನಿಂತಿರುವುದು ಇಂಥ ಪಡಿಯಚ್ಚುಗಳ ಮೇಲೆ. ವಿಭಾಗಗಳ ಹೆಸರಿನಲ್ಲೂ ಆ ಗುರುತು ಉಳಿದಿದೆ. ಧಾರವಾಡದಲ್ಲಿ ಪ್ರಾಚೀನ ಭಾರತದ ಇತಿಹಾಸ ಮತ್ತು ಶಾಸನಶಾಸ್ತ್ರ ವಿಭಾಗ, ಮೈಸೂರಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗ.

ರೈಸ್ ಅವರ ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು. ಕಾಸರಗೋಡು ಆಗ ಮದ್ರಾಸಿನ ಕೈಕೆಳಗಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಇಲ್ಲಿಯ ಶಾಸನಗಳು ಮದ್ರಾಸಿನ ಪಟ್ಟಿಗೆ ಹೋದವು. 1956ರ ನವೆಂಬರ್ 1ರಂದು ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ತಳಂಗೆರೆಯಲ್ಲಿ ಸಿಕ್ಕಿದ್ದು ಹಳೆಯ ಕನ್ನಡ ಶಾಸನ. ಚಂದ್ರಗಿರಿ ಹೊಳೆ ದಾಟಿ ಪುಲ್ಲೂರಿನ ಕೊಡವಲಕ್ಕೆ ಹೋದರೆ ಅಲ್ಲಿರುವುದು ವಟ್ಟೆಳುತ್ತು, ತಮಿಳು, ಮಲಯಾಳಕ್ಕೆ ಹಿಂದೆ ಬಳಸುತ್ತಿದ್ದ ಲಿಪಿ. ಒಂದೇ ಜಿಲ್ಲೆ, ಎರಡು ಲಿಪಿ. ಕನ್ನಡ ಲಿಪಿ ಬಲ್ಲವರು ಹೊಳೆಯ ಈಚೆ, ವಟ್ಟೆಳುತ್ತು ಬಲ್ಲವರು ಆಚೆ ನಿಂತರೆ ಈ ನೆಲದ ಕಥೆ ಅರ್ಧರ್ಧವೇ ಉಳಿಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆ ಕಲಿತು, ಮನೆಯಲ್ಲೇ ಕೂತು ಶಾಸನ, ಕಾಲನಿರ್ಣಯ ಅಂತ ಬರೆದರು. ಅವರನ್ನು ನಾವು ಕವಿ ಎಂದಷ್ಟೇ ನೆನೆಯುತ್ತೇವೆ. ಅವರೊಳಗಿನ ಸಂಶೋಧಕನನ್ನು ಮರೆತದ್ದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅಕ್ಷರದಿಂದ ಮಣ್ಣಿನ ಕಡೆಗೆ ಗಮನ ತಿರುಗಿದ್ದು ನಿಧಾನಕ್ಕೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಮಣ್ಣಿನ ಪದರಗಳನ್ನು ಒಂದೊಂದಾಗಿ ಓದಿ ತೋರಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್.ಡಿ. ಸಾಂಕಳಿಯಾ ಕಟ್ಟಿದ ವಿಭಾಗ ಇನ್ನೂ ಮುಂದೆ ಹೋಯಿತು. ಅಲ್ಲಿಯವರು 1968ರಿಂದ 1983ರವರೆಗೆ ಮಹಾರಾಷ್ಟ್ರದ ಇನಾಮಗಾಂವ್ ಅಗೆದರು. ಅಲ್ಲಿ ಹಿಂದೆ ಬಾಳಿದ್ದ ಜನ ಮನೆಗಳ ನೆಲದಡಿ ಸತ್ತ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತಿದ್ದರು. ದಖನ್ನಿನ ಆ ಮಣ್ಣಿನಲ್ಲಿ ಮೂಳೆ ಉಳಿದಿತ್ತು. ಅದನ್ನು ಓದಲು ಮನುಷ್ಯರ ಮೂಳೆ ಬಲ್ಲವರು, ಪ್ರಾಣಿಗಳ ಮೂಳೆ ಬಲ್ಲವರು, ಸುಟ್ಟ ಕಾಳು ಬಲ್ಲವರು ಬೇರೆಬೇರೆಯಾಗಿ ಬೇಕಾದರು. ಕರ್ನಾಟಕದಲ್ಲಿ ಹಳ್ಳೂರಿನ ಪ್ರಾಣಿಮೂಳೆ ಪರೀಕ್ಷಿಸಿದ ಕೆ.ಆರ್. ಆಲೂರ ಅವರು ಪಶುವೈದ್ಯರು. ಅದರಲ್ಲಿ ಕುದುರೆಯ ಮೂಳೆ ಇದೆ ಎಂದು ಅವರು ಹೇಳಿದ್ದು, ಅಷ್ಟು ಹಿಂದೆಯೇ ಇಲ್ಲಿ ಕುದುರೆ ಇತ್ತೇ ಎಂಬ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು.

ಬೀಜದ ಕೆಲಸವಂತೂ ಅಡುಗೆಮನೆಯದ್ದೇ. ಅಕ್ಕಿ ತೊಳೆಯುವಾಗ ಜೊಳ್ಳು ತೇಲುತ್ತದೆ, ಅಲ್ವಾ? ಹಾಗೆಯೇ ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡುತ್ತಾರೆ. ಇದ್ದಿಲಾದ ಕಾಳು ಮೇಲೆ ಬರುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಬಳ್ಳಾರಿ ಕಡೆಯ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆ ಉಣ್ಣುತ್ತಿದ್ದರು ಎಂದು ಗೊತ್ತಾಗಿದ್ದು ಹೀಗೆ.

ಹಾಗಾದರೆ ಮೂಳೆಯೇ ಇಲ್ಲದ ನಮ್ಮ ಮಣ್ಣಿನಲ್ಲಿ ಓದುವುದೇನನ್ನು? ಗದ್ದೆಗೆ ಇಳಿದವರಿಗೆ ಗೊತ್ತು, ಭತ್ತದ ಎಲೆಯ ಅಂಚು ತಾಗಿದರೆ ಚರ್ಮ ಗೀರುತ್ತದೆ. ಎಲೆಯೊಳಗೆ ಸಿಲಿಕಾದ ಕಣಗಳಿರುತ್ತವೆ. ಇವಕ್ಕೆ ಫೈಟೋಲಿತ್ ಅನ್ನುತ್ತಾರೆ. ಎಲೆ ಕೊಳೆತರೂ ಕಣ ಮಣ್ಣಿನಲ್ಲಿ ಉಳಿಯುತ್ತದೆ. ಆಮ್ಲದ ಮಣ್ಣು ಮೂಳೆಯನ್ನು ಕರಗಿಸಿದಂತೆ ಇದನ್ನು ಕರಗಿಸುವುದಿಲ್ಲ. ಭತ್ತದ್ದೋ, ಬೇರೆ ಹುಲ್ಲಿನದ್ದೋ ಎಂದು ಆಕಾರ ನೋಡಿ ಹೇಳಬಹುದು. ಮಡಕೆಯೂ ಮಾತಾಡುತ್ತದೆ. ಅದರ ಸಣ್ಣ ರಂಧ್ರಗಳಲ್ಲಿ ಹಳೆಯ ಅಡುಗೆಯ ಎಣ್ಣೆ, ಕೊಬ್ಬು ಹೀರಿಕೊಂಡಿರಬಹುದು. ಮಡಕೆ ಕಡೆಯ ಬಾರಿ ಚೆನ್ನಾಗಿ ಸುಟ್ಟದ್ದು ಯಾವಾಗ ಎಂದು ಅದರೊಳಗಿನ ಖನಿಜದ ಕಣಗಳನ್ನು ಮತ್ತೆ ಕಾಯಿಸಿದಾಗ ಹೊಮ್ಮುವ ಬೆಳಕಿನಿಂದ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಕಾಲ ಹೇಳಲು ಬಳಸುವ ಇದ್ದಿಲು ಸಿಗದ ಜಾಗದಲ್ಲಿ ಇದೊಂದು ದಾರಿ.

ಕೇರಳ ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗ ಗುಜರಾತಿನ ಕಚ್ಛಕ್ಕೆ ಹೋಗಿ ಜುನಾ ಖಾಟಿಯಾದ ಹರಪ್ಪ ಕಾಲದ ಸಮಾಧಿಗಳನ್ನು ಅಗೆದಿದೆ. ಒಳ್ಳೆಯ ಕೆಲಸ. ಮೂಳೆ ಉಳಿಯದ ನಮ್ಮ ಮುರಕಲ್ಲಿಗೂ ಅಷ್ಟೇ ಆಸಕ್ತಿಯಿಂದ ಬರುವ ಹುಡುಗರು ಬೇಕು. ಕನ್ನಡ, ವಟ್ಟೆಳುತ್ತು ಎರಡೂ ಓದುವ, ತುಳು, ಮಲಯಾಳ ಎರಡರಲ್ಲೂ ಮಾತಾಡಬಲ್ಲ ಮಕ್ಕಳು ನಮ್ಮಲ್ಲೇ ಬೆಳೆಯಬಹುದು. ಗುಡ್ಡದೊಳಕ್ಕೆ ಸುರಂಗ ತೋಡಿ ನೀರು ತರುವ ಇಲ್ಲಿಯವರಿಗಿಂತ ಈ ಕಲ್ಲಿನ ಗುಣ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಸಂಶೋಧಕರು ಮೊದಲು ಅವರ ಹತ್ತಿರ ಹೋಗಿ ಕೇಳಬೇಕು.

ಕೋರೆಗೆ ಈಗ ಕಲ್ಲು ಕೊಯ್ಯುವ ಯಂತ್ರ ಬಂದಿದೆ. ಗುಹೆ ಕಂಡಿತು ಎನ್ನುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ಮಡಕೆ ಇಡೀ ಸಿಕ್ಕರೆ ಅದನ್ನು ಹೊರಗೆ ತಂದು, ಬಾಯಿ ಕೆಳಗೆ ಮಾಡಿ, ಪೈಪಿನ ನೀರು ಬಿಟ್ಟು ತೊಳೆಯುತ್ತಾರೆ, ಚೆಂದ ಕಾಣಲಿ ಅಂತ. ಫೈಟೋಲಿತ್ ಹುಡುಕುವವರಿಗೆ ಬೇಕಾಗಿದ್ದ ಒಂದು ಹಿಡಿ ಮಣ್ಣು ಆ ನೀರಿನ ಜೊತೆ ಗುಡ್ಡೆ ಇಳಿದು ಹೋಗುತ್ತದೆ.